ಮೇಣದ ಹಲಗೆಂದ ಗಾಜಿನ ಸ್ಲೇಟಿನ ವರೆಗೆ

ಟ್ಯಾಬ್ಲೆಟ್ಟಿಲಿ ಸ್ಟೈಲಸ್ ಹಿಡ್ಕೊಂಡು ಚಿತ್ರ ಬರವದು ಹೇಳಿರೆ ನಿನ್ನೆ ಮೊನ್ನೆ ಬಂದ ಸಂಗತಿ, ಸಣ್ಣ ಮಕ್ಕಳ ಕೆಲಸ ಹೇಳಿ ನಮ್ಮಲ್ಲಿ ಸುಮಾರು ಜೆನರ ಲೆಕ್ಕ. ‘ಅಟ್ಟುಂಬೊಳ ಇಪ್ಪ ನಿನಗೆ ಅದರ ಹತ್ರೆ ಎಂತ ಕೆಲಸ?’ ಹೇಳಿ ಎನ್ನತ್ರೆ ಕೇಳಿದವುದೇ ಇದ್ದವು. ಅವಕ್ಕೆ ಒಂದು ಉತ್ತರ ಕೊಡೆಕ್ಕು ಹೇಳಿ ರಜ ಓದುಲೆ ಹೆರಟೆ. ಓದಿದಾಂಗೆ ಗೊಂತಾದ್ದೆಂತ ಹೇಳಿರೆ, ಈ ಹಲಗೆಗೂ ಈ ಕಡ್ಡಿಗೂ ಎರಡು ಸಾವಿರ ವರ್ಷಂದಲೂ ಹೆಚ್ಚು ಪ್ರಾಯ ಆಯಿದು. ಕರೆಂಟು ಸೇರಿದ್ದು ಮಾಂತ್ರ ಮತ್ತೆ.

ಟ್ಯಾಬ್ಲೆಟ್ ಹೇಳುವ ಶಬ್ದದ ಬೇರು ಲ್ಯಾಟಿನ್ ಭಾಷೆಯ ‘ತಾಬುಲಾ’, ಹೇಳಿರೆ ಹಲಗೆ. ಸ್ಟೈಲಸ್ಸಿನ ಬೇರು ‘ಸ್ತಿಲುಸ್’, ಹೇಳಿರೆ ಬರವ ಚೂಪು ಕಡ್ಡಿ. ರೋಮಿನ ಕಾಲಲ್ಲಿ ಶಾಲೆಗೆ ಹೋಪ ಮಾಣಿಯ ಕೈಲಿ ಇದೇ ಎರಡು ಸಾಮಾನು ಇತ್ತು. ಮರದ ಹಲಗೆಯ ನೆಡುವಾಣ ಜಾಗೆಯ ರಜ ಕೆತ್ತಿ ತಗ್ಗು ಮಾಡುಗು. ಅದಕ್ಕೆ ಜೇನುಮೇಣ ಕರಗುಸಿ ಎರಗು. ಮೇಣ ಗಟ್ಟಿ ಆದ ಮತ್ತೆ ಲೋಹದ್ದೋ ಎಲುಗಿನದ್ದೋ ಕಡ್ಡಿಲಿ ಅದರ ಮೇಗೆ ಗೀರಿ ಬರವದು. ಕಡ್ಡಿಯ ಒಂದು ಕೊಡಿ ಚೂಪು, ಇನ್ನೊಂದು ಕೊಡಿ ಚಪ್ಪಟೆ. ಬರದ್ದು ಬೇಡ ಹೇಳಿ ಆದರೆ ಕಡ್ಡಿಯ ತಿರುಗುಸಿ, ಚಪ್ಪಟೆ ಕೊಡಿಂದ ಮೇಣವ ಉದ್ದಿ ಸಮ ಮಾಡಿರೆ ಆತು. ಲಾಯಿಕಲ್ಲಿ ಬರೆಯೆಕ್ಕಾರೆ ಕಡ್ಡಿಯ ಆಗಾಗ ತಿರುಗುಸೆಕ್ಕು ಹೇಳಿ ರೋಮಿನ ಕವಿ ಹೊರೇಸ್ ಬುದ್ಧಿ ಹೇಳಿದ್ದವು. ಈಗಾಣ ಕೆಲವು ಡಿಜಿಟಲ್ ಪೆನ್ನಿನ ಹಿಂದಾಣ ಕೊಡಿಲಿಯೂ ಉದ್ದುತ್ತ ವ್ಯವಸ್ಥೆ ಇದ್ದು. ಅದರ ಕಂಡಪ್ಪಗ ಎನಗೆ ಹೊರೇಸನ ನೆಂಪಾವುತ್ತು.

ಅದೇ ರೋಮಿಲ್ಲಿ ಕ್ವಿಂಟಿಲಿಯನ್ ಹೇಳ್ತ ಒಬ್ಬ ಮಾಷ್ಟ್ರಕ್ಕೊ ಇತ್ತಿದ್ದವು. ಮಕ್ಕೊಗೆ ಬರವಲೆ ಕಲುಶುವಗ ಹಲಗೆಲಿ ಅಕ್ಷರವ ಕೊರದು ಕೊಡಿ, ಮಗುವಿನ ಕಡ್ಡಿ ಆ ಕಣಿಲೇ ಹೋವುತ್ತು, ಕರೆಂಗೆ ಜಾರುತ್ತಿಲ್ಲೆ ಹೇಳ್ತ ಅರ್ಥಲ್ಲಿ ಅವು ಬರದು ಮಡುಗಿದ್ದವು. ನಮ್ಮಲ್ಲಿ ಹರಿವಾಣದ ಅಕ್ಕಿಲಿ ಮಗುವಿನ ಬೆರಳು ಹಿಡುದು ಬರೆಶುದಕ್ಕೂ ಇದಕ್ಕೂ ಎಷ್ಟು ದೂರ ಹೇಳಿ? ಅಕ್ಷರ ಕಣ್ಣಿಂಗೆ ಬಪ್ಪ ಮದಲು ಕೈಗೆ ಬರೆಕ್ಕು ಹೇಳ್ತ ಸಂಗತಿ ಎರಡೂ ಊರಿನವಕ್ಕೆ ಗೊಂತಿತ್ತು.

ವೆಸುವಿಯಸ್ ಬೆಟ್ಟದ ಬೂದಿಲಿ ಹೂತು ಹೋದ ಪೊಂಪೈ ಪಟ್ಟಣಲ್ಲಿ 1760 ರಲ್ಲಿ ಒಂದು ಗೋಡೆ ಚಿತ್ರ ಸಿಕ್ಕಿತ್ತು. ಈಗ ಅದು ನೇಪಲ್ಸಿನ ವಸ್ತು ಸಂಗ್ರಹಾಲಯಲ್ಲಿ ಇದ್ದು. ಒಂದು ಪ್ರಾಯದ ಕೂಸು, ತಲೆಲಿ ಚಿನ್ನದ ಬಲೆ, ಒಂದು ಕೈಲಿ ಮೇಣದ ಹಲಗೆ, ಇನ್ನೊಂದು ಕೈಲಿಪ್ಪ ಕಡ್ಡಿಯ ತುಟಿಗೆ ತಾಗುಸಿ ಆಲೋಚನೆ ಮಾಡಿಗೊಂಡು ಇದ್ದು. ಸಾಫೋ ಹೇಳ್ತ ಕವಯಿತ್ರಿಯ ಹೆಸರಿನ ಜೆನ ಆ ಚಿತ್ರಕ್ಕೆ ಮತ್ತೆ ಮಡುಗಿದ್ದು. ಅದು ಆರೇ ಆಗಲಿ, ಸುಮಾರು ಎರಡು ಸಾವಿರ ವರ್ಷ ಮದಲೇ ಒಂದು ಹೆಮ್ಮಕ್ಕಳ ಕೈಲಿ ಟ್ಯಾಬ್ಲೆಟ್ಟೂ ಇತ್ತು, ಸ್ಟೈಲಸ್ಸೂ ಇತ್ತು. ಎನ್ನತ್ರೆ ಪ್ರಶ್ನೆ ಕೇಳಿದವಕ್ಕೆ ಆನು ಸುರುವಿಂಗೆ ಈ ಚಿತ್ರವನ್ನೇ ತೋರ್ಸಿದೆ.

ಇನ್ನು ನಮ್ಮ ಊರಿಂಗೆ ಬಪ್ಪೊ. ನಮ್ಮ ಹೆರಿಯವರದ್ದು ಓಲೆಯೂ ಕಂಟವೂ. ಒಣಗುಸಿ ಹದ ಮಾಡಿದ ತಾಳೆ ಓಲೆಯ ಎಡದ ಕೈಲಿ ಹಿಡ್ಕೊಂಡು, ಬಲದ ಕೈಲಿ ಕಬ್ಬಿಣದ ಕಂಟಲ್ಲಿ ಕೊರವದು. ಕೊರದಪ್ಪಗ ಅಕ್ಷರ ಸರೀ ಕಾಣ. ಮತ್ತೆ ಅದಕ್ಕೆ ದೀಪದ ಮಸಿ ಉದ್ದಿ, ವಸ್ತ್ರಲ್ಲಿ ಒರಸಿರೆ, ಕಣಿಲಿ ಮಸಿ ಒಳುದು ಅಕ್ಷರ ಕಪ್ಪಾಗಿ ಎದ್ದು ಬತ್ತು. ನಮ್ಮ ಹೊಡೆಲಿ ಮಂತ್ರದ ಗ್ರಂಥಂಗಳ ಹೀಂಗೆ ತುಳು ಲಿಪಿಲಿ ಬರದು ಮಡುಗಿದ್ದವು. ಆ ಲಿಪಿ ತುಳು-ತಿಗಳಾರಿ ಹೇಳ್ತ ಹೆಸರಿಲಿ 2024 ರಲ್ಲಿ ಯುನಿಕೋಡಿಂಗೆ ಸೇರಿತ್ತು. ಹಾಂಗಾಗಿ ಕಂಟಲ್ಲಿ ಕೊರದ ಅದೇ ಅಕ್ಷರಂಗೊಕ್ಕೆ ಈಗ ಕಂಪ್ಯೂಟರಿಲ್ಲಿಯೂ ಒಂದು ಜಾಗೆ ಆಯಿದು.

ಎನ್ನ ಪ್ರಾಯದವಕ್ಕೆ ಕಂಟ ಹಿಡುದು ಗೊಂತಿಲ್ಲೆ, ಸ್ಲೇಟು ಗೊಂತಿದ್ದು. ಮರದ ಚೌಕಟ್ಟಿನ ಕಪ್ಪು ಹಲಗೆ, ಒಂದು ಕಡ್ಡಿ. ಕೊಡಿ ಸಪೂರ ಆಯೆಕ್ಕಾರೆ ಕಡ್ಡಿಯ ಕಲ್ಲಿಂಗೆ ತಿಕ್ಕುದು. ಉದ್ದುಲೆ ಅಂಗಿಯ ಕೊಡಿ ಆಗ, ಮಾಷ್ಟ್ರಕ್ಕೊ ಪರಂಚುಗು. ಮಳೆಗಾಲಲ್ಲಿ ಶಾಲೆ ದಾರಿಯ ಕಟ್ಟಪ್ಪುಣಿ ಕರೆಲಿ ನೀರುಕಡ್ಡಿ ಗೆಡು ಇಕ್ಕು. ಅದರ ದಂಟು ಮುರುದು ತಿಕ್ಕಿರೆ ಸ್ಲೇಟು ಹೊಸತ್ತರ ಹಾಂಗೆ ಅಕ್ಕು. ಆ ಗೆಡುವಿನ ಕಟ್ಟ ಕೊಟ್ಟು ಬದಲಿಂಗೆ ಕಡ್ಡಿತುಂಡು ತೆಕ್ಕೊಂಬ ವ್ಯಾಪಾರವೂ ಎಂಗಳಲ್ಲಿ ಇತ್ತು.

ಇಲ್ಲಿ ಒಂದು ವಿಷಯ ಮನಸ್ಸಿಲಿ ಮಡುಗಿ. ಮನುಷ್ಯ ಬರವ ಸಾಮಾನಿಲಿ ಎರಡು ನಮೂನೆ. ಒಂದು ಉದ್ದುಲೆ ಎಡಿವದು: ಮೇಣದ ಹಲಗೆ, ಸ್ಲೇಟು, ಅಕ್ಕಿ ತುಂಬಿದ ಹರಿವಾಣ, ಜಾಲಿನ ರಂಗೋಲಿ. ಇನ್ನೊಂದು ಮಡುಗುವದು: ಓಲೆ, ಕಲ್ಲು, ಕಾಗದ. ಕಲಿವಲೆ ಸುರುವಾಣದ್ದು ಬೇಕು, ಒಳಿವಲೆ ಎರಡ್ನೆದು ಬೇಕು. ಡಿಜಿಟಲ್ ಹಲಗೆ ಎರಡೂ ಆವುತ್ತೆ ಹೇಳಿ ಹೇಳ್ತು. ಸುರುವಾಣದ್ದು ಸತ್ಯವೇ. ಎರಡ್ನೆದು ಎಷ್ಟು ಸತ್ಯ ಹೇಳಿ ಮತ್ತೆ ನೋಡುವ.

ಪೆನ್ನಿಂಗೆ ಕರೆಂಟು ಕೊಟ್ಟವರಲ್ಲಿ ಒಬ್ಬರು ಅಮೆರಿಕದ ಎಲಿಷಾ ಗ್ರೇ. ಟೆಲಿಫೋನಿನ ಹಕ್ಕಿಂಗೆ ಗ್ರಹಾಂ ಬೆಲ್ಲಿನ ಅರ್ಜಿಯೂ ಇವರ ಕಾಗದವೂ 1876 ಫೆಬ್ರವರಿ 14 ರ ಒಂದೇ ದಿನ ಕಚೇರಿಗೆ ಮುಟ್ಟಿತ್ತು. ಹಕ್ಕು ಬೆಲ್ಲಿಂಗೆ ಸಿಕ್ಕಿತ್ತು. ಗ್ರೇ ಅಲ್ಲಿಗೇ ಬಿಟ್ಟವಿಲ್ಲೆ. 1888 ರಲ್ಲಿ ‘ಟೆಲಾಟೋಗ್ರಾಫ್’ ಹೇಳ್ತ ಯಂತ್ರಕ್ಕೆ ಹಕ್ಕು ತೆಕ್ಕೊಂಡವು. ಇಲ್ಲಿ ಒಬ್ಬ ಪೆನ್ನು ಹಿಡುದು ಬರದರೆ, ಕೈ ಹೋದ ದಾರಿ ತಂತಿಲಿ ಹೋಗಿ, ದೂರಲ್ಲಿಪ್ಪ ಇನ್ನೊಂದು ಪೆನ್ನು ಅದೇ ಗೆರೆ ಎಳೆಗು. 1893 ರ ಚಿಕಾಗೋ ಪ್ರದರ್ಶನಲ್ಲಿ ಅದರ ಜೆನಂಗೊಕ್ಕೆ ತೋರ್ಸಿದವು. ಅದೇ ಪ್ರದರ್ಶನದ ಸಂದರ್ಭಲ್ಲಿ ನಡದ ಸರ್ವಧರ್ಮ ಸಮ್ಮೇಳನಲ್ಲಿಯೇ ನಮ್ಮ ವಿವೇಕಾನಂದರು ಮಾತಾಡಿದ್ದು. ಮತ್ತೆ ಬೇಂಕುಗಳಲ್ಲಿ, ರೈಲು ನಿಲ್ದಾಣಂಗಳಲ್ಲಿ ಈ ಯಂತ್ರ ಸುಮಾರು ವರ್ಷ ಕೆಲಸ ಮಾಡಿತ್ತು.

ಕಂಪ್ಯೂಟರಿಂಗೆ ಚಿತ್ರ ಬರವಲೆ ಕಲುಶಿದ ಕತೆ 1963 ರದ್ದು. ಅಮೆರಿಕದ ಎಂಐಟಿಲಿ ಓದಿಗೊಂಡಿದ್ದ ಇವಾನ್ ಸದರ್ಲ್ಯಾಂಡ್ ಹೇಳ್ತ 24 ವರ್ಷದ ಮಾಣಿ, ತನ್ನ ಪಿಎಚ್‌ಡಿಗೆ ‘ಸ್ಕೆಚ್‌ಪ್ಯಾಡ್’ ಹೇಳ್ತ ಪ್ರೋಗ್ರಾಮು ಮಾಡಿದವು. ಅದು ಓಡಿದ್ದು ಲಿಂಕನ್ ಲ್ಯಾಬೊರೇಟರಿಯ ಟಿಎಕ್ಸ್-2 ಹೇಳ್ತ ದೊಡ್ಡ ಕಂಪ್ಯೂಟರಿಲ್ಲಿ. ಕೈಲಿ ‘ಲೈಟ್ ಪೆನ್’. ಹೆಸರು ಹಾಂಗಿದ್ದರೂ ಆ ಪೆನ್ನು ಬೆಣಚ್ಚು ಕೊಡ್ತಿಲ್ಲೆ, ಬೆಣಚ್ಚಿನ ನೋಡ್ತು. ಪರದೆಲಿ ಏವ ಕ್ಷಣಲ್ಲಿ ಏವ ಚುಕ್ಕಿ ಹೊತ್ತಿತ್ತು ಹೇಳಿ ಕಂಪ್ಯೂಟರಿಂಗೆ ಗೊಂತಿರ್ತು. ಪೆನ್ನು ‘ಎನಗೆ ಈಗ ಕಂಡತ್ತು’ ಹೇಳಿ ಹೇಳಿದ ಕೂಡ್ಲೆ ಅದು ಎಲ್ಲಿದ್ದು ಹೇಳಿ ಲೆಕ್ಕ ಸಿಕ್ಕಿತ್ತು. ಇಂಥಾ ಸಾಮಾನಿನ ಅದರ ಮದಲು ಅಮೆರಿಕದ ಸೈನ್ಯದವು ರೇಡಾರಿನ ಪರದೆಲಿ ವಿಮಾನದ ಚುಕ್ಕಿಯ ತೋರ್ಸುಲೆ ಉಪಯೋಗ ಮಾಡಿಗೊಂಡಿತ್ತಿದ್ದವು. ಯುದ್ಧಕ್ಕೆ ಹುಟ್ಟಿದ ಕಡ್ಡಿ ಚಿತ್ರಕ್ಕೆ ಬಂತು.

ಸ್ಕೆಚ್‌ಪ್ಯಾಡಿಲಿ ವಾರೆ ಎಳದ ಗೆರೆಯ ಕಂಪ್ಯೂಟರು ಸರ್ತ ಮಾಡುಗು. ಎರಡು ಗೆರೆಗಳ ಸಮಾನಾಂತರ ಮಾಡು ಹೇಳಿರೆ ಮಾಡುಗು. ಒಂದು ಮೂಲ ಚಿತ್ರ ಬರದು ಅದರ ಎಷ್ಟು ನಕಲು ಬೇಕಾರೂ ಮಾಡ್ಲಕ್ಕು. ಮೂಲವ ಬದಲುಸಿರೆ ನಕಲೆಲ್ಲ ತನ್ನಷ್ಟಕ್ಕೇ ಬದಲುಗು. ರಂಗೋಲಿ ಹಾಕುವವಕ್ಕೆ ಇದರ ಬೆಲೆ ಬೇಗ ಅರ್ಥ ಅಕ್ಕು. ಎಂಟು ದಳದ ತಾವರೆಲಿ ನಾವು ನಿಜವಾಗಿ ಆಲೋಚನೆ ಮಾಡುದು ಒಂದೇ ದಳ. ಒಳುದ ಏಳು ಅದರ ತಿರುಗುಸಿದ್ದು. ಆದರೆ ಲೈಟ್ ಪೆನ್ನಿಲಿ ಒಂದು ಉಪದ್ರ ಇತ್ತು. ಎದುರೆ ನಿಂದ ಪರದೆಗೆ ಕೈ ಎತ್ತಿ ಹಿಡ್ಕೊಂಡೇ ಬರೆಯೆಕ್ಕು. ಗೋಡೆಗೆ ಸುಣ್ಣ ಬಳುಗಿದ ಹಾಂಗೆ ಭುಜ ಬೇನೆ ಬಕ್ಕು.

ಅದಕ್ಕೆ ಪರಿಹಾರ ಮರುವರ್ಷವೇ ಬಂತು. ಕ್ಯಾಲಿಫೋರ್ನಿಯದ ರ್ಯಾಂಡ್ ಸಂಸ್ಥೆಲಿ 1964 ರಲ್ಲಿ ಮಾಲ್ಕಮ್ ಡೇವಿಸ್, ಟಾಮ್ ಎಲ್ಲಿಸ್ ಹೇಳುವವು ಮೇಜಿನ ಮೇಗೆ ಮಡುಗುವ ಹಲಗೆ ಮಾಡಿದವು. ಸುಮಾರು 10 ಇಂಚು ಚೌಕದ ಜಾಗೆ, ಇಂಚಿಂಗೆ 100 ರ ಹಾಂಗೆ ಅಡ್ಡಕ್ಕೆ 1024, ಉದ್ದಕ್ಕೆ 1024 ತಾಮ್ರದ ಸಪೂರ ಗೆರೆಗೊ. ಲೆಕ್ಕ ಹಾಕಿರೆ 10,48,576 ಚುಕ್ಕಿ ಆತು. ಪ್ರತಿ ಗೆರೆಗೂ ಅದರದ್ದೇ ಸಂಕೇತ. ಪೆನ್ನು ಹತ್ರೆ ಬಂದಪ್ಪಗ ಅದರ ಕೇಳಿ, ಆನು ಇಂಥಾ ಚುಕ್ಕಿಲಿ ಇದ್ದೆ ಹೇಳಿ ಕಂಪ್ಯೂಟರಿಂಗೆ ತಿಳುಶುಗು. ಚುಕ್ಕಿ ಹಾಕಿ ಗೆರೆ ಎಳವದು ನವಗೆ ಹೊಸತ್ತಲ್ಲನ್ನೆ!

ಈ ಹಲಗೆಲಿ ಕೈ ಕೆಳ ಇರ್ತು, ಕಣ್ಣು ಎದುರಾಣ ಪರದೆಲಿ ಇರ್ತು. ಮಗಳು ಬೆಂಗಳೂರಿಲ್ಲಿ ಮಕ್ಕಳ ಪುಸ್ತಕಂಗೊಕ್ಕೆ ಚಿತ್ರ ಬರೆತ್ತು. ಅದು ಪರದೆ ಇಪ್ಪ ಹೊಸ ಹಲಗೆ ತೆಗದಪ್ಪಗ ಪರದೆ ಇಲ್ಲದ್ದ ಹಳತ್ತರ ಎನಗೆ ಕೊಟ್ಟತ್ತು. ಮೊಳಪ್ಪು ಬೇನೆ ಸುರು ಆದ ಮತ್ತೆ ಎನಗೆ ನೆಲಕ್ಕಲ್ಲಿ ಕೂದು ರಂಗೋಲಿ ಹಾಕುಲೆ ಎಡಿತ್ತಿಲ್ಲೆ. ಮೇಜಿನ ಹತ್ರೆ ಕೂದು ಹಾಕಲಿ ಹೇಳಿ ಅದರ ಆಲೋಚನೆ. ಸುರುವಾಣ ನಾಕು ದಿನ ಕೈಯೇ ಬೇರೆ, ಗೆರೆಯೇ ಬೇರೆ. ಒಂದು ವಾರ ಅಪ್ಪಗ ಕೈಗೆ ಅಂದಾಜಿ ಸಿಕ್ಕಿತ್ತು. ಎಂತಕೆ ಹೇಳಿರೆ ಒಲೆಲಿಪ್ಪ ಹಾಲಿನ ಮೇಗೆ ಕಣ್ಣು ಮಡುಗಿ, ಮೆಟ್ಟುಕತ್ತಿಲಿ ತೊಂಡೆಕಾಯಿ ಕೊರದು ಅಭ್ಯಾಸ ಇಪ್ಪ ಕೈ ಇದು. ಕಣ್ಣೂ ಕೈಯೂ ಬೇರೆ ಬೇರೆ ಜಾಗೆಲಿ ಕೆಲಸ ಮಾಡುದು ಹೆಮ್ಮಕ್ಕೊಗೆ ಆರೂ ಕಲುಶೆಕ್ಕಾದ್ದಿಲ್ಲೆ.

ಬಣ್ಣ ಬಂದದು ಮತ್ತಾಣ ಹತ್ತು ವರ್ಷಲ್ಲಿ. ಜೆರಾಕ್ಸ್ ಕಂಪೆನಿಯ ಪಾರ್ಕ್ ಹೇಳ್ತ ಸಂಶೋಧನಾ ಕೇಂದ್ರಲ್ಲಿ ರಿಚರ್ಡ್ ಶೂಪ್ 1973 ರಲ್ಲಿ ‘ಸೂಪರ್‌ಪೇಯಿಂಟ್’ ಮಾಡಿದವು. ಹಲಗೆ, ಕಡ್ಡಿ, ಬಣ್ಣದ ಪರದೆ ಮೂರೂ ಒಟ್ಟಿಂಗೆ ಸೇರಿತ್ತು. 1981 ರಲ್ಲಿ ಇಂಗ್ಲೆಂಡಿನ ಕ್ವಾಂಟೆಲ್ ಕಂಪೆನಿಯ ‘ಪೇಯಿಂಟ್‌ಬಾಕ್ಸ್’ ಬಂತು. ಅದರಲ್ಲಿ ಕಡ್ಡಿಯ ಒತ್ತಿದಷ್ಟು ಗೆರೆ ದಪ್ಪ ಅಕ್ಕು. ಟಿವಿಯವು ಅದರ ತುಂಬ ಉಪಯೋಗ ಮಾಡಿದವು. ಆದರೆ ಅದು ಮನೆಯವಕ್ಕೆ ಎತ್ತುವ ಸಾಮಾನಲ್ಲ. ಮನೆಗಳಿಂಗೆ ಬಂದದು ಮೌಸು. ಮೌಸಿಲ್ಲಿ ಚಿತ್ರ ಬರವದು ಹೇಳಿರೆ ಚೋಲಿ ತೆಗೆಯದ್ದ ತೆಂಗಿನಕಾಯಿ ಹಿಡ್ಕೊಂಡು ಎಳೆ ರಂಗೋಲಿ ಹಾಕಿದ ಹಾಂಗೆ.

ಜಪಾನಿನ ಸೈತಾಮಾ ಪ್ರಾಂತಲ್ಲಿ 1983 ರಲ್ಲಿ ವಾಕಮ್ ಕಂಪೆನಿ ಸುರು ಆತು. ‘ವಾ’ ಹೇಳಿರೆ ಜಪಾನಿ ಭಾಷೆಲಿ ಹೊಂದಾಣಿಕೆ, ‘ಕಮ್’ ಕಂಪ್ಯೂಟರು. ಮರುವರ್ಷ ಅವು ವಯರೂ ಇಲ್ಲದ್ದ ಪೆನ್ನಿನ ಹಲಗೆ ಹೆರ ತಂದವು. ಅವರ ಪೆನ್ನಿಂಗೆ ಬೇಟರಿಯೂ ಬೇಡ. ಅದು ಹೇಂಗೆ ಹೇಳಿ ಎನಗೆ ಸುಮಾರು ದಿನ ಮಂಡೆಗೆ ಹೋತಿಲ್ಲೆ. ಮಗಳು ಹೇಳಿದ್ದು ಹೀಂಗೆ: ಹಲಗೆಯ ಒಳ ತಂತಿಯ ಬಲೆ ಇದ್ದು. ಅದು ಸಣ್ಣ ಕಾಂತದ ಅಲೆ ಕಳುಸಿ, ಒಂದು ಗಳಿಗೆ ತಳಿಯದ್ದೆ ಕೂದು ಕೇಳ್ತು. ಪೆನ್ನಿನ ಒಳ ಇಪ್ಪ ತಂತಿ ಸುರುಳಿ ಆ ಅಲೆಂದಲೇ ಶಕ್ತಿ ತೆಕ್ಕೊಂಡು ತಿರುಗಿ ಒಂದು ಅಲೆ ಕೊಡ್ತು. ಗುಡ್ಡೆಯ ಈಚ ಹೊಡೆಂದ ಕೂಕುಳು ಹಾಕಿರೆ ಆಚ ಹೊಡೆಂದ ಒಬ್ಬ ತಿರುಗಿ ಕೂಕುಳು ಹಾಕುತ್ತನ್ನೆ, ಹಾಂಗೆ. ಒತ್ತಿರೆ ಆ ಉತ್ತರದ ಸ್ವರ ರಜ ಬದಲುತ್ತು. ಅದರಿಂದ ಎಷ್ಟು ಒತ್ತಿದ್ದು ಹೇಳಿ ಲೆಕ್ಕ ಸಿಕ್ಕುತ್ತು. ಈಗಾಣ ಒಳ್ಳೆ ಪೆನ್ನುಗೊ ಒತ್ತಡವ 8192 ಮೆಟ್ಟಿಲು ಮಾಡಿ ಗುರ್ತು ಹಿಡಿತ್ತು. ಅಂಗಡಿಲಿ ಸಿಕ್ಕುವ ರಬ್ಬರು ಕೊಡಿಯ ಕಮ್ಮಿ ಕ್ರಯದ ಕಡ್ಡಿಗೊಕ್ಕೆ ಈ ಗುಣ ಇಲ್ಲೆ. ಅದು ನಮ್ಮ ಬೆರಳಿನ ಬದಲಿಂಗೆ ಪರದೆಯ ಮುಟ್ಟುತ್ತು, ಅಷ್ಟೇ. ತೆಗವ ಮದಲು ಈ ವಿತ್ಯಾಸ ಗೊಂತಿದ್ದರೆ ಒಳ್ಳೆದು.

ಇದೆಲ್ಲ ಹೆರಾಣ ದೇಶದವರ ಕತೆ ಆತು ಹೇಳಿ ಗ್ರೇಶೆಡಿ. 1974 ರಲ್ಲಿ ಕಂಪ್ಯೂಟರ್ ಚಿತ್ರಂಗಳ ವಿಷಯದ ಒಂದು ಅಂತರರಾಷ್ಟ್ರೀಯ ಪತ್ರಿಕೆಲಿ ಮದ್ರಾಸಿನ ಗಿಫ್ಟ್ ಸಿರೋಮನಿ, ರಾಣಿ ಸಿರೋಮನಿ, ಕಮಲಾ ಕೃತಿವಾಸನ್ ಹೇಳುವ ಮೂರು ಜೆನ ಒಂದು ಲೇಖನ ಬರದವು. ವಿಷಯ ಎಂತದು ಗೊಂತಿದ್ದೋ? ಕೋಲಂ! ತಮಿಳುನಾಡಿನ ಹೆಮ್ಮಕ್ಕೊ ಉದಿಯಪ್ಪಗ ಮನೆ ಎದುರು ಹಾಕುವ ಚುಕ್ಕಿ ರಂಗೋಲಿ. ಒಂದು ಸಣ್ಣ ಕೋಲಂ ಹೇಂಗೆ ನಿಯಮ ತಪ್ಪದ್ದೆ ದೊಡ್ಡ ಆವುತ್ತು, ಅದರ ಕಂಪ್ಯೂಟರಿಂಗೆ ಅರ್ಥ ಅಪ್ಪ ವ್ಯಾಕರಣಲ್ಲಿ ಹೇಂಗೆ ಬರವಲಕ್ಕು ಹೇಳ್ತದು ಅದರ ವಿಚಾರ. ಶಾಲೆಗೆ ಹೋಗದ್ದ ಅಜ್ಜಿಯಕ್ಕೊ ಬೆರಳ ಕೊಡಿಲಿ ಮಡಿಕ್ಕೊಂಡಿದ್ದ ಲೆಕ್ಕವ ವಿಜ್ಞಾನದವು ಲೆಕ್ಕ ಹೇಳಿ ಒಪ್ಪಿದವು. ಆ ಮೂರು ಜೆನರಲ್ಲಿ ಇಬ್ರು ಹೆಮ್ಮಕ್ಕೊ ಹೇಳುದು ಎನಗೆ ಇನ್ನೂ ಕೊಶಿ.

ಬೆಂಗಳೂರಿಲ್ಲಿಯೂ ಒಂದು ಪ್ರಯತ್ನ ಆತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್ಕೋರ್ ಕಂಪೆನಿಯ ಎಂಜಿನಿಯರುಗಳೂ ಸೇರಿ 2001 ರ ಹೊತ್ತಿಂಗೆ ‘ಸಿಂಪ್ಯೂಟರ್’ ಹೇಳ್ತ ಅಂಗೈಯಷ್ಟಕೆ ಇಪ್ಪ ಕಂಪ್ಯೂಟರಿನ ತಯಾರು ಮಾಡಿದವು. ಕೀಬೋರ್ಡು ಇಲ್ಲೆ, ಒಂದು ಕಡ್ಡಿ. ಇಂಗ್ಲಿಷು ಬಾರದ್ದ ಹಳ್ಳಿಯವಕ್ಕೂ ಸುಲಾಬ ಆಯೆಕ್ಕು ಹೇಳಿ ಅವರ ಉದ್ದೇಶ. 2004 ರಲ್ಲಿ ಭಾರತ್ ಇಲೆಕ್ಟ್ರಾನಿಕ್ಸ್ ಕಾರ್ಖಾನೆಲಿ ಅದರ ‘ಅಮಿಡಾ’ ಹೇಳ್ತ ಹೆಸರಿಲಿ ಮಾಡಿದವು. ಗ್ರೇಶಿದಷ್ಟು ಮಾರಾಟ ಆತಿಲ್ಲೆ. ಆದರೂ ಎಲ್ಲೋರ ಕೈಲಿ ಗಾಜಿನ ಫೋನು ಬಪ್ಪ ಮದಲೇ ಗಾಜಿನ ಸ್ಲೇಟಿನ ಕನಸು ನಮ್ಮ ರಾಜ್ಯಲ್ಲಿ ಕಂಡವು ಇತ್ತಿದ್ದವು ಹೇಳ್ತದರ ಮರವಲಾಗ.

2007 ರಲ್ಲಿ ಐಫೋನ್ ತೋರ್ಸುವಗ ಆಪಲ್ಲಿನ ಸ್ಟೀವ್ ಜಾಬ್ಸ್ ಕಡ್ಡಿಯ ನೆಗೆಮಾಡಿದವು. ಬೆರಳಿಪ್ಪಗ ಕಡ್ಡಿ ಆರಿಂಗೆ ಬೇಕು ಹೇಳ್ತ ಮಾತು. ಕಡ್ಡಿಯ ಕಾಲ ಮುಗುತ್ತು ಹೇಳಿ ಎಲ್ಲೋರೂ ಗ್ರೇಶಿದವು. 2011 ರಲ್ಲಿ ಸ್ಯಾಮ್ಸಂಗ್ ನೋಟ್ ಫೋನು ವಾಕಮಿನ ತಂತ್ರಜ್ಞಾನದ ಕಡ್ಡಿಯ ಒಟ್ಟಿಂಗೆ ಬಂತು. 2015 ರಲ್ಲಿ ಆಪಲ್ಲೇ ‘ಪೆನ್ಸಿಲ್’ ಹೇಳ್ತ ಹೆಸರಿಲಿ ಕಡ್ಡಿ ಮಾಡಿತ್ತು. ಬೆರಳು ತೋರ್ಸುಲೆ, ಕೈ ಬರವಲೆ. ಬೆರಳಿನಷ್ಟು ದಪ್ಪದ ಕೊಡಿಲಿ ಕಣ್ಣಿನ ರೆಪ್ಪೆ ಬರವಲೆ ಎಡಿಯನ್ನೆ.

ಇನ್ನು ‘ಇದು ನಿಜವಾದ ಚಿತ್ರವೋ?’ ಹೇಳ್ತ ಪ್ರಶ್ನೆ. ಡೇವಿಡ್ ಹಾಕ್ನಿ ಹೇಳ್ತ ಇಂಗ್ಲೆಂಡಿನ ದೊಡ್ಡ ಚಿತ್ರಗಾರರು ಹುಟ್ಟಿದ್ದು 1937 ರಲ್ಲಿ. ಎಣ್ಣೆ ಬಣ್ಣಲ್ಲಿ ಲೋಕಪ್ರಸಿದ್ಧ ಆದ ಮತ್ತೆ, 70 ದಾಂಟಿದ ಪ್ರಾಯಲ್ಲಿ, 2009 ರ ಹೊತ್ತಿಂಗೆ ಅವು ಫೋನಿಲಿ ಬೆರಳಿಂದ ಹೂಗಿನ ಚಿತ್ರ ಬರದು ಉದಿಯಪ್ಪಗ ಸ್ನೇಹಿತರಿಂಗೆ ಕಳುಸಿಗೊಂಡಿತ್ತಿದ್ದವು. 2010 ರಲ್ಲಿ ಐಪ್ಯಾಡ್ ಬಂದ ಕೂಡ್ಲೆ ಅದರ ಹಿಡುದವು. 2012 ರಲ್ಲಿ ಲಂಡನಿನ ರಾಯಲ್ ಅಕಾಡೆಮಿಲಿ ಅವರ ಪ್ರದರ್ಶನ ಆತು; ಮಾರ್ಗದ ಕರೆಲಿ ವಸಂತ ಬಪ್ಪದರ ತೋರ್ಸುವ 51 ಐಪ್ಯಾಡ್ ಚಿತ್ರಂಗೊ ಅದರಲ್ಲಿ ಇತ್ತು. 2018 ರಲ್ಲಿ ವೆಸ್ಟ್‌ಮಿನ್ಸ್ಟರ್ ಅಬ್ಬೆಯ ಬಣ್ಣದ ಗಾಜಿನ ಕಿಟಿಕಿಯ ನಕ್ಷೆಯನ್ನೂ ಅವು ಐಪ್ಯಾಡಿಲಿಯೇ ಬರದವು. ನೂರಾರು ವರ್ಷ ಹಳತ್ತು ಗಾಜಿನ ಕೆಲಸಕ್ಕೆ ಹೊಸ ಗಾಜಿನ ಸ್ಲೇಟು ಉಪಕಾರ ಮಾಡಿತ್ತು.

ಎನ್ನ ಅಭಿಪ್ರಾಯ ಕೇಳಿರೆ, ಕೈ ಬರದರೆ ಅದು ಚಿತ್ರವೇ. ಸೆಗಣ ಬಳುಗಿದ ಜಾಲಿನ ತಂಪು, ಅಕ್ಕಿಹೊಡಿ ಬೆರಳ ಎಡೆಂದ ಜಾರುವ ಕೊಶಿ, ಮತ್ತೆ ಆ ಹೊಡಿಯ ಎರುಗು ಹೊತ್ತುಗೊಂಡು ಹೋಪದು, ಇದು ಏವದೂ ಗಾಜಿಲಿ ಇಲ್ಲೆ. ಅದರ ಇದು ತುಂಬುಸುತ್ತು ಹೇಳಿ ಆನು ಹೇಳ್ತಿಲ್ಲೆ. ಆದರೆ ಗಾಜಿಲಿ ಇನ್ನೊಂದು ಇದ್ದು. ಅದು ಎನಗೆ ಗೊಂತಾದ್ದು ಎನ್ನ ಅಬ್ಬೆಂದ.

ಅಬ್ಬೆಯ ಹತ್ರೆ ಒಂದು ರಂಗೋಲಿ ಪುಸ್ತಕ ಇತ್ತು. ಮದುವೆ ಆಗಿ ಬಪ್ಪಗಳೇ ತಂದದು. ಅದರ ಅಬ್ಬೆಯೂ ಚಿಕ್ಕಮ್ಮಂದ್ರೂ ಹಾಕಿಗೊಂಡಿದ್ದ ರಂಗೋಲಿಗೊ. ಒಂದು ಮಳೆಗಾಲಲ್ಲಿ ಅಪ್ಪನ ಮನೆಯ ಮರದ ಕವಾಟಿಂಗೆ ಒರಳೆ ಬಂತು. ಪುಸ್ತಕದ ರಟ್ಟು ಸರೀ ಇತ್ತು, ತೆಗದು ನೋಡಿರೆ ಒಳ ಮಣ್ಣು. ಅಷ್ಟಪ್ಪಗ ಅಬ್ಬೆಗೆ 80 ದಾಂಟಿತ್ತು, ಕೈ ನಡುಗಿಗೊಂಡಿತ್ತು. ನೆಂಪಿಲಿ ಇದ್ದು ಹೇಳ್ತು, ಹಾಕಿ ತೋರ್ಸುಲೆ ಎಡಿತ್ತಿಲ್ಲೆ.

ಒಂದು ದೀಪಾವಳಿಗೆ ಮಗಳು ಬಪ್ಪಗ ಅದರ ಟ್ಯಾಬಿನ ಅಜ್ಜಿಯ ಕೈಲಿ ಕೊಟ್ಟತ್ತು. ನಡುಗುವ ಗೆರೆಯ ನೊಂಪು ಮಾಡ್ತ ಸೌಕರ್ಯ ಅದರಲ್ಲಿ ಇದ್ದು. ಕೂಸು ಅದರ ಹಾಕಿತ್ತು. ಅಬ್ಬೆ ಒಂದು ಗೆರೆ ಎಳದತ್ತು, ಗೆರೆ ಚಂದಕೆ ಬಂತು. ಅಬ್ಬೆ ಅದರನ್ನೇ ನೋಡಿತ್ತು. ‘ಇದು ಎನ್ನ ಗೆರೆ ಅಲ್ಲ ಪುಟ್ಟೀ, ಇದರ ಆರು ಎಳದ್ದು?’ ಹೇಳಿ ಕೇಳಿತ್ತು. ಮಗಳು ತಳಿಯದ್ದೆ ಆ ಸೌಕರ್ಯವ ತೆಗದತ್ತು. ಮತ್ತೆ ಎರಡು ದಿನಲ್ಲಿ ಅಬ್ಬೆ 11 ರಂಗೋಲಿ ಹಾಕಿತ್ತು, ನಡುಗುವ ಗೆರೆಲಿಯೇ. ಬೇಡದ್ದರ ಉದ್ದುಲೆ ಕಲ್ತತ್ತು. ‘ನೀರುಕಡ್ಡಿಂದಲೂ ಒಳ್ಳೆದಿದ್ದು’ ಹೇಳಿತ್ತು.

ಅದರ ಮರುವರ್ಷ ಅಬ್ಬೆ ತೀರಿ ಹೋತು. ಮತ್ತೆ ಒಂದು ದಿನ ಮಗಳು ಒಂದು ಗುಬ್ಬಿ ಒತ್ತಿ ತೋರ್ಸಿತ್ತು. ಬರದ ಚಿತ್ರವ ಸುರುಂದ ಕಡೇವರೆಗೆ, ಗೆರೆ ಗೆರೆಯಾಗಿ ಪುನಾ ಓಡ್ಸಿ ನೋಡ್ಲಕ್ಕು. ಹಾಕ್ನಿಯೂ ತನ್ನ ಚಿತ್ರಂಗಳ ಹೀಂಗೆ ಓಡ್ಸಿ ಪ್ರದರ್ಶನಲ್ಲಿ ತೋರ್ಸಿದ್ದವಡ. ಅದರಲ್ಲಿ ಎನಗೆ ಒಂದು ಸಂಗತಿ ಕಂಡತ್ತು. ಅಚ್ಚಾದ ರಂಗೋಲಿ ಪುಸ್ತಕಂಗಳ ನೋಡಿ ಆನು ನೆಡುವಿಂದ ಸುರು ಮಾಡ್ತೆ. ಅಬ್ಬೆ ಯಾವಾಗಳೂ ಮೂಡು ಹೊಡೆಯ ಕರೆಯ ಚುಕ್ಕಿಂದ ಸುರು ಮಾಡಿ, ಒಂದು ಸುತ್ತು ಬಂದು, ಅಲ್ಲಿಗೇ ಮುಟ್ಟುಸುತ್ತು. ಹಾಂಗೆ ಹಾಕಿರೆ ಎಳೆ ಕಡಿತ್ತಿಲ್ಲೆ. ಒರಳೆ ತಿಂದ ಪುಸ್ತಕ ಒಳುದಿದ್ದರೂ ಇದು ಅದರಲ್ಲಿ ಇರ್ತಿತ್ತಿಲ್ಲೆ. ಪುಸ್ತಕಲ್ಲಿ ಹಾಕಿ ಮುಗುದ ರಂಗೋಲಿ ಇರ್ತು, ಕೈ ನಡದ ದಾರಿ ಇರ್ತಿಲ್ಲೆ.

ಆದರೆ ಇದು ಒಳಿಗೋ? ಸುರುವಿಂಗೆ ಎರಡ್ನೆದು ಹೇಳಿ ಮಡುಗಿದ ಪ್ರಶ್ನೆ ಇದೇ. ಆಂಡಿ ವಾರ್ಹೋಲ್ ಹೇಳ್ತ ಅಮೆರಿಕದ ಹೆಸರಾಂತ ಚಿತ್ರಗಾರರು 1985 ರಲ್ಲಿ ಅಮಿಗಾ ಹೇಳ್ತ ಕಂಪ್ಯೂಟರಿಲ್ಲಿ ಕೆಲವು ಚಿತ್ರ ಬರದು ಫ್ಲಾಪಿಲಿ ಮಡುಗಿತ್ತಿದ್ದವು. ಅಷ್ಟು ಪ್ರಸಿದ್ಧ ಜೆನರ ಚಿತ್ರವೂ ಸುಮಾರು 30 ವರ್ಷ ಆರ ಕಣ್ಣಿಂಗೂ ಬೀಳದ್ದೆ ಫ್ಲಾಪಿಲೇ ಒಳುದತ್ತು. ಪಿಟ್ಸ್‌ಬರ್ಗಿನ ಕಾರ್ನೆಗಿ ಮೆಲ್ಲನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಕ್ಲಬ್ಬಿನವು ಕಷ್ಟಲ್ಲಿ ಬಿಡುಸಿ, 2014 ರಲ್ಲಿ ಅದು ಹೆರ ಬಂತು. ಹಳೆ ಕಂಪ್ಯೂಟರು, ಹಳೆ ಪ್ರೋಗ್ರಾಮು ಇಲ್ಲದ್ದರೆ ಫೈಲು ಹೇಳುದು ಬೀಗದಕೈ ಕಾಣೆ ಆದ ಪೆಟ್ಟಿಗೆ. ಅದೇ ಪೊಂಪೈಲಿ 1875 ರಲ್ಲಿ ಒಬ್ಬ ಲೇವಾದೇವಿಯವನ ಮನೆಲಿ 150 ಕ್ಕಿಂತ ಹೆಚ್ಚು ಮೇಣದ ಹಲಗೆ ಸಿಕ್ಕಿದ್ದು. ಮೇಣ ಹೋಯಿದು. ಆದರೆ ಬರವಗ ಕಡ್ಡಿಯ ಕೊಡಿ ಮರಕ್ಕೆ ತಾಗಿದ ಗೀರು ಒಳುದ್ದು, ಅದರಿಂದ ಅವನ ಲೆಕ್ಕವ ಓದಿದ್ದವು. ಉದ್ದುಲೆ ಹೇಳಿಯೇ ಮಾಡಿದ ಹಲಗೆಲಿಯೂ ಗಟ್ಟಿಗೆ ಒತ್ತಿದ್ದು ಒಳುದತ್ತು. ಫೈಲಿಂಗೆ ಆ ಗುಣ ಇಲ್ಲೆ. ಅದರ ನಾವೇ ಒಳಿಶೆಕ್ಕು.

ಹಾಂಗಾಗಿ ಎಂಗೊ ಮಾಡಿದ್ದರ ಹೇಳ್ತೆ, ಬೇಕಾದವು ಮಾಡ್ಲಕ್ಕು. ಆ 11 ಚಿತ್ರಂಗಳ ಒಂದೇ ಆಪಿಲಿ ತೆರವ ಫೈಲಾಗಿ ಮಾಂತ್ರ ಬಿಡದ್ದೆ, ಎಲ್ಲ ಕಂಪ್ಯೂಟರಿಲ್ಲಿಯೂ ಕಾಂಬ ಪಿಎನ್‌ಜಿ ರೂಪಲ್ಲಿ ತೆಗದು ಮಡುಗಿದೆಯೊ. ಓಡ್ಸಿ ನೋಡುವದರ ವೀಡಿಯೋ ಮಾಡಿ, ಎನ್ನತ್ರೆ, ಮಗಳತ್ರೆ, ತಮ್ಮನತ್ರೆ ಒಂದೊಂದು ಪ್ರತಿ ಮಡುಗಿದೆಯೊ. ಒಳ್ಳೆ ಕಾಗದಲ್ಲಿ ಅಚ್ಚು ಹಾಕ್ಸಿ, ಗೆರೆ ಎಲ್ಲಿಂದ ಸುರು ಹೇಳಿ ಒಂದು ಬಾಣ ಬರದು, ಹಾಕಿದವರ ಹೆಸರೂ ವರ್ಷವೂ ಬರದು, ಕಬ್ಬಿಣದ ಪೆಟ್ಟಿಗೆಲಿ ಕರ್ಪೂರ ಹಾಕಿ ಮಡುಗಿದೆಯೊ. ಹೊಸ ಆಪು ತೆಗವಲೆ ಪೈಸೆ ಬೇಕು ಹೇಳಿಯೂ ಇಲ್ಲೆ. ಕ್ರಿತಾ ಹೇಳ್ತದು ಧರ್ಮಕ್ಕೇ ಸಿಕ್ಕುತ್ತು. ಈಗ ಆನು ಶೆನಿವಾರ ಹೊತ್ತೋಪಗ ಆಚಕರೆ ಈಚಕರೆಯ ಮೂರು ಮಕ್ಕೊಗೆ ಆ ರಂಗೋಲಿಗಳ ಕಲುಶುತ್ತೆ. ಮದಾಲು ಸ್ಲೇಟಿಲಿ, ಮತ್ತೆ ಟ್ಯಾಬಿಲಿ, ಕಡೇಂಗೆ ಜಾಲಿಲಿ. ಮೂಡು ಹೊಡೆಯ ಚುಕ್ಕಿಂದಲೇ ಸುರು ಮಾಡೆಕ್ಕು ಹೇಳಿದ್ದೆ.

ನಿಂಗಳ ಮನೆಲಿಯೂ ಶೇಡಿ ಬರವ ಅತ್ತೆಯೋ, ಮಂಡ್ಲ ಬರವ ಮಾವನೋ, ಎಳೆ ಕಡಿಯದ್ದೆ ರಂಗೋಲಿ ಹಾಕುವ ಅಜ್ಜಿಯೋ ಇಕ್ಕು. ಅವರ ಕೈ ನಡುಗುತ್ತು ಹೇಳಿ ಕಾಯೆಡಿ. ನಡುಗಿದ ಗೆರೆಯನ್ನೇ ತೆಗದು ಮಡುಗಿ.